ನಿಮಗಿದು ಗೊತ್ತೇ? ಬಸುರಿಯ ಪಯಣ, ಸೊಳ್ಳೆಯ ಲೆಕ್ಕ

ಮದುವೆಯಾದ ಹೊಸತರಲ್ಲಿ ಬಾಲಿಗೊಂದು ಪ್ರವಾಸ, ಐದು ತಿಂಗಳಿಗೆ ಮಾಲ್ದೀವ್ಸ್‌ನಲ್ಲಿ ‘ಬೇಬಿಮೂನ್’, ಏಳಕ್ಕೆ ಅಮೆರಿಕದಿಂದ ಸೀಮಂತಕ್ಕೆಂದು ಊರಿಗೆ, ಕೊನೆಗೆ ಹೆರಿಗೆಗೆ ತವರಿಗೆ. ಈಗಿನ ಬಸುರಿಯರ ಓಡಾಟ ಕಡಿಮೆಯದೇನಲ್ಲ. ವೀಸಾ, ವಿಮೆ, ವಿಮಾನದ ನಿಯಮ ಎಲ್ಲವನ್ನೂ ವಿಚಾರಿಸುವ ಮನೆಯವರು ಸೊಳ್ಳೆಯ ವಿಷಯ ಬಂದರೆ ‘ಒಂದು ಕ್ರೀಮ್ ಹಚ್ಚಿಕೊಂಡರಾಯ್ತು’ ಅಂತ ಮುಗಿಸಿಬಿಡುತ್ತಾರೆ. ಟಿಕೆಟ್ ತೆಗೆಯುವ ಮೊದಲು ಒಮ್ಮೆ ಕಣ್ಣಾಡಿಸಬೇಕಾದ ಚುಟುಕು ಸಂಗತಿಗಳು ಇಲ್ಲಿವೆ.

ಝೀಕಾ ಬಂದ ದಾರಿ

● ಸೊಳ್ಳೆ ಹೊತ್ತು ತರುವ, ಹೊಟ್ಟೆಯೊಳಗಿನ ಕೂಸಿಗೆ ಕುತ್ತಾಗಬಲ್ಲ ಝೀಕಾ ವೈರಸ್ ಮೊದಲು ಸಿಕ್ಕಿದ್ದು 1947ರಲ್ಲಿ, ಉಗಾಂಡದ ಎಂಟೆಬೆ ಬಳಿಯ ಝೀಕಾ ಕಾಡಿನಲ್ಲಿ. ಹಳದಿ ಜ್ವರದ ಅಧ್ಯಯನಕ್ಕೆಂದು ವಿಜ್ಞಾನಿಗಳು ಮರದ ಮೇಲೆ ಪಂಜರದಲ್ಲಿಟ್ಟಿದ್ದ ರೀಸಸ್ ಕೋತಿಗೆ ಜ್ವರ ಬಂತು. ಅದರ ರಕ್ತದಲ್ಲಿ ಹುಡುಕಿದ್ದು ಒಂದು, ಸಿಕ್ಕಿದ್ದು ಇನ್ನೊಂದು! ಆ ಕೋತಿಗೆ ಹೆಸರಿರಲಿಲ್ಲ, ಸಂಖ್ಯೆಯಿತ್ತು: 766.

● ಪುಣೆಯ ವೈರಸ್ ಸಂಶೋಧನಾ ಕೇಂದ್ರ, ಅಂದರೆ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ, ಶುರುವಾದದ್ದು 1952ರಲ್ಲಿ. ಆ ಆರಂಭದ ವರ್ಷಗಳ ರಕ್ತ ಪರೀಕ್ಷೆಯಲ್ಲೇ ಭಾರತೀಯರಲ್ಲಿ ಝೀಕಾ ಪ್ರತಿಕಾಯಗಳು ಕಂಡಿದ್ದವು. ಸಂಬಂಧಿ ವೈರಸ್‌ಗಳ ಪ್ರತಿಕಾಯಗಳೂ ಈ ಪರೀಕ್ಷೆಯನ್ನು ದಾರಿ ತಪ್ಪಿಸಬಲ್ಲವು ಎಂಬ ಕಾರಣಕ್ಕೆ ಅದನ್ನು ಕೊನೆಯ ಮಾತು ಎಂದು ಯಾರೂ ಒಪ್ಪಲಿಲ್ಲ.

● ಅರವತ್ತು ವರ್ಷ ಈ ವೈರಸ್ಸನ್ನು ಯಾರೂ ಗಂಭೀರವಾಗಿ ತೆಗೆದುಕೊಂಡಿರಲಿಲ್ಲ. 2007ರಲ್ಲಿ ಪೆಸಿಫಿಕ್ ಸಾಗರದ ಪುಟ್ಟ ಯಾಪ್ ದ್ವೀಪಕ್ಕೆ ಹೊಕ್ಕಾಗ ಅಲ್ಲಿನ ಮೂರು ವರ್ಷ ದಾಟಿದವರಲ್ಲಿ ಸುಮಾರು 73 ಶೇಕಡಾ ಜನರಿಗೆ ಅಂಟಿತು. ಒಬ್ಬರೂ ಸಾಯಲಿಲ್ಲ. ಸಾಧು ಜ್ವರ ಎಂದುಕೊಂಡು ಜಗತ್ತು ಸುಮ್ಮನಾಯಿತು.

● ಆ ಸಮಾಧಾನ ಮುರಿದದ್ದು 2015ರಲ್ಲಿ, ಬ್ರೆಜಿಲ್‌ನ ಈಶಾನ್ಯ ಭಾಗದಲ್ಲಿ. ತಲೆಯ ಸುತ್ತಳತೆ ತೀರಾ ಕಡಿಮೆ ಇರುವ ಕೂಸುಗಳು ಒಂದರ ಹಿಂದೊಂದು ಹುಟ್ಟತೊಡಗಿದವು. ಈ ಸ್ಥಿತಿಗೆ ಮೈಕ್ರೊಸೆಫಲಿ ಎಂದು ಹೆಸರು. ಕಂಪೀನಾ ಗ್ರಾಂಡಿ ನಗರದ ವೈದ್ಯೆ ಅಡ್ರಿಯಾನಾ ಮೆಲೊ, ಸ್ಕ್ಯಾನಿಂಗ್‌ನಲ್ಲಿ ಭ್ರೂಣದ ಮೆದುಳಿನ ದೋಷ ಕಂಡ ಇಬ್ಬರು ಗರ್ಭಿಣಿಯರ ಗರ್ಭದ ನೀರನ್ನು ಪರೀಕ್ಷೆಗೆ ಕಳಿಸಿದರು. ಎರಡರಲ್ಲೂ ಝೀಕಾ ಇತ್ತು.

● ವಿಶ್ವ ಆರೋಗ್ಯ ಸಂಸ್ಥೆ 2016ರ ಫೆಬ್ರುವರಿ 1ರಂದು ಜಾಗತಿಕ ಆರೋಗ್ಯ ತುರ್ತು ಪರಿಸ್ಥಿತಿ ಘೋಷಿಸಿತು. ಅದೇ ವರ್ಷ ನವೆಂಬರ್ 18ಕ್ಕೆ ಹಿಂತೆಗೆದುಕೊಂಡಿತು. ತುರ್ತು ಮುಗಿದದ್ದು ನಿಜ, ವೈರಸ್ ಮುಗಿಯಲಿಲ್ಲ: 2024ರ ಹೊತ್ತಿಗೆ ಸೊಳ್ಳೆಯ ಮೂಲಕ ಝೀಕಾ ಹರಡಿದ ದಾಖಲೆಯಿದ್ದ ದೇಶ ಮತ್ತು ಪ್ರಾಂತ್ಯಗಳ ಸಂಖ್ಯೆ 92. ಭಾರತವೂ ಆ ಪಟ್ಟಿಯಲ್ಲಿದೆ.

ಹೊಟ್ಟೆಯೊಳಗಿನ ಕೂಸಿಗೆ ಏನಾಗುತ್ತದೆ?

● ಝೀಕಾ ಅಂಟಿದವರಲ್ಲಿ ಹೆಚ್ಚಿನವರಿಗೆ ಲಕ್ಷಣವೇ ಇರುವುದಿಲ್ಲ. ಐವರಲ್ಲಿ ನಾಲ್ವರಿಗೆ ಗೊತ್ತೇ ಆಗುವುದಿಲ್ಲ ಎಂಬುದು ಬಹುಕಾಲ ಬಳಕೆಯಲ್ಲಿರುವ ಅಂದಾಜು. ಕಂಡರೂ ಸಣ್ಣ ಜ್ವರ, ಮೈಮೇಲೆ ದದ್ದು, ಕೆಂಪು ಕಣ್ಣು, ಕೀಲು ನೋವು, ಅಷ್ಟೇ. ವಾರದೊಳಗೆ ಮಾಯ. ‘ನಂಗೇನೂ ಆಗ್ಲಿಲ್ಲ, ಆರಾಮಾಗಿ ಹೋಗಿ ಬಂದೆ’ ಎಂಬ ಮಾತು ಇಲ್ಲಿ ಲೆಕ್ಕಕ್ಕೆ ಬರದಿರುವುದು ಈ ಕಾರಣಕ್ಕೆ.

● ಮೆದುಳು ಕಟ್ಟುವ ಮೂಲ ಜೀವಕೋಶಗಳೇ ಈ ವೈರಸ್ಸಿನ ಗುರಿ. ಅವು ಬೆಳೆಯುವ ಮೊದಲೇ ಸಾಯುವುದರಿಂದ ಮೆದುಳು ಹಿಗ್ಗುವುದಿಲ್ಲ. ಒಳಗೆ ಮೆದುಳು ಹಿಗ್ಗದ ಮೇಲೆ ತಲೆಬುರುಡೆಯೂ ಬೆಳೆಯುವುದಿಲ್ಲ. ಕಣ್ಣು, ಕಿವಿ, ಕೈಕಾಲಿನ ಕೀಲುಗಳಿಗೂ ಪೆಟ್ಟು ಬೀಳಬಹುದು.

● ಹಾಗಂತ ಸೋಂಕು ತಗುಲಿದ ಪ್ರತಿ ತಾಯಿಯ ಮಗುವಿಗೂ ಹೀಗಾಗುವುದಿಲ್ಲ. ಅಮೆರಿಕದ ಆಡಳಿತದ ದ್ವೀಪ ಪ್ರಾಂತ್ಯಗಳಲ್ಲಿ, ಪರೀಕ್ಷೆಯಲ್ಲಿ ಸೋಂಕು ಖಚಿತವಾದ ಗರ್ಭಿಣಿಯರ ಲೆಕ್ಕ 2017ರಲ್ಲಿ ಹೊರಬಂತು. ಮೊದಲ ಮೂರು ತಿಂಗಳಲ್ಲಿ ಸೋಂಕಾದವರಲ್ಲಿ 100ಕ್ಕೆ 8, ನಡುವಿನ ಮೂರರಲ್ಲಿ 5, ಕೊನೆಯ ಮೂರರಲ್ಲಿ 4 ಗರ್ಭಗಳಲ್ಲಿ ಝೀಕಾ ಸಂಬಂಧಿ ದೋಷ ಕಂಡಿತು. ಉಳಿದ 92, 95, 96ರ ಕಡೆಗೂ ಕಣ್ಣು ಹೋಗಲಿ. ಆದರೆ ‘ಏಳು ತಿಂಗಳಾಯ್ತು, ಇನ್ನೇನು ಭಯವಿಲ್ಲ’ ಅನ್ನುವ ಹಾಗೂ ಇಲ್ಲ.

● ಹುಟ್ಟಿದಾಗ ತಲೆ ಸರಿಯಾಗಿಯೇ ಇದ್ದು, ತಿಂಗಳುಗಳ ಮೇಲೆ ಬೆಳವಣಿಗೆ ಕುಂಠಿತವಾದ ಮಕ್ಕಳಿದ್ದಾರೆ. ಗರ್ಭಿಣಿಯಾಗಿದ್ದಾಗ ತಾಯಿಗೆ ಸೋಂಕಾಗಿದ್ದರೆ ಮಗುವಿನ ಕಣ್ಣು, ಕಿವಿ, ನಡೆ-ನುಡಿಯ ತಪಾಸಣೆ ವರ್ಷಗಟ್ಟಲೆ ನಡೆಯಬೇಕು.

● ಒಂದು ಸಮಾಧಾನ: ಹಿಂದೆ ಎಂದೋ ಝೀಕಾ ಬಂದು ಹೋಗಿ, ರಕ್ತದಿಂದ ವೈರಸ್ ಪೂರ್ತಿ ಖಾಲಿಯಾದ ಮೇಲೆ ನಿಂತ ಗರ್ಭಕ್ಕೆ ಅದರಿಂದ ತೊಂದರೆ ಆದದ್ದು ಕಂಡಿಲ್ಲ. ಹೆಂಗಸಿನ ಮೈಯಲ್ಲಿ ಅದು ಶಾಶ್ವತವಾಗಿ ಮನೆ ಮಾಡುವುದಿಲ್ಲ.

● ಲಸಿಕೆ? ಇಲ್ಲ. ಔಷಧಿ? ಅದೂ ಇಲ್ಲ. ಹೀಗಾಗಿ ಕಚ್ಚಿಸಿಕೊಳ್ಳದೆ ಇರುವುದು, ಹೋಗದೆ ಇರುವುದು, ಕಾಯುವುದು, ಈ ಮೂರೇ ದಾರಿ.

ಗಂಡನ ಪಾಸ್‌ಪೋರ್ಟೂ ನೋಡಿ

● ಸೊಳ್ಳೆಯಿಂದ ಬರುವ ಈ ವೈರಸ್ ಸೊಳ್ಳೆಯಿಲ್ಲದೆಯೂ ದಾಟುತ್ತದೆ. 2008ರಲ್ಲಿ ಸೆನೆಗಲ್‌ನಿಂದ ಅಮೆರಿಕದ ಕೊಲೊರಾಡೊಗೆ ಮರಳಿದ ಸಂಶೋಧಕರೊಬ್ಬರ ಹೆಂಡತಿಗೆ, ದೇಶ ಬಿಟ್ಟು ಕದಲದಿದ್ದರೂ, ಝೀಕಾ ಬಂತು. ಲೈಂಗಿಕ ಸಂಪರ್ಕದಿಂದ ಹರಡುತ್ತದೆ ಎಂಬುದಕ್ಕೆ ಸಿಕ್ಕಿದ ಮೊದಲ ಸುಳಿವು ಅದು.

● ವೀರ್ಯದಲ್ಲಿ ವೈರಸ್ಸಿನ ಅಂಶ ತಿಂಗಳುಗಟ್ಟಲೆ ಪತ್ತೆಯಾಗುತ್ತದೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 281 ದಿನಗಳ ತನಕ ಸಿಕ್ಕಿದ್ದೂ ಉಂಟು. ಆದರೆ ಅಂಟುವ ತಾಕತ್ತಿನ ಜೀವಂತ ವೈರಸ್ ಸಿಕ್ಕಿದ್ದು ಮೊದಲ 30 ದಿನಗಳೊಳಗಿನ ಮಾದರಿಗಳಲ್ಲಿ ಮಾತ್ರ. ಮಗುವಿಗೆ ಪ್ರಯತ್ನಿಸುವ ಮೊದಲು ಕಾಯಿರಿ ಎಂದು ತಜ್ಞರು ಹೇಳುವ ‘ಮೂರು ತಿಂಗಳು’ ಧಾರಾಳ ಅಂಚು ಇಟ್ಟು ಹಾಕಿದ ಲೆಕ್ಕ.

● ಲೆಕ್ಕ ಹೀಗಿದೆ. ಝೀಕಾ ಇರುವ ಜಾಗದಿಂದ ಗಂಡಸು ಬಂದರೆ, ಅಥವಾ ಇಬ್ಬರೂ ಒಟ್ಟಿಗೆ ಹೋಗಿ ಬಂದರೆ, ಮಗುವಿಗೆ ಪ್ರಯತ್ನಿಸುವ ಮೊದಲು 3 ತಿಂಗಳು ಕಾಯಬೇಕು. ಹೆಂಗಸು ಒಬ್ಬಳೇ ಹೋಗಿ ಬಂದಿದ್ದರೆ 2 ತಿಂಗಳು. ಎಣಿಕೆ ಶುರುವಾಗುವುದು ಹೊರಟ ದಿನದಿಂದಲ್ಲ, ಅಲ್ಲಿದ್ದ ಕೊನೆಯ ದಿನದಿಂದ. ಜ್ವರ ಬಂದಿದ್ದರೆ ಜ್ವರ ಶುರುವಾದ ದಿನದಿಂದ.

● ಉದಾಹರಣೆಗೆ, ದಂಪತಿ ಬ್ಯಾಂಕಾಕ್‌ನಿಂದ ಜನವರಿ 10ಕ್ಕೆ ವಿಮಾನ ಹತ್ತಿದರು ಅನ್ನಿ. ಏಪ್ರಿಲ್ 10ರ ತನಕ ಗರ್ಭನಿರೋಧಕ ಬೇಕು. ಜನವರಿ 15ಕ್ಕೆ ಗಂಡನಿಗೆ ದದ್ದು, ಜ್ವರ ಕಾಣಿಸಿದರೆ ಆ ದಿನಾಂಕ ಏಪ್ರಿಲ್ 15ಕ್ಕೆ ಸರಿಯುತ್ತದೆ. ಹೆಂಡತಿಗೆ 37 ವರ್ಷವಾಗಿ, ಐವಿಎಫ್ ಚಿಕಿತ್ಸೆಯ ತಾರೀಖು ಫೆಬ್ರುವರಿಯಲ್ಲಿದ್ದರೆ ಈ ಮೂರು ತಿಂಗಳು ಸಣ್ಣ ಮಾತಲ್ಲ. ಅಂಥವರು ಪ್ರವಾಸವನ್ನೇ ಮುಂದೂಡುವುದು ಲೇಸು.

● ಹೆಂಡತಿ ಈಗಾಗಲೇ ಗರ್ಭಿಣಿ, ಗಂಡ ಮಾತ್ರ ಆಫೀಸಿನ ಕೆಲಸಕ್ಕೆ ಹೋಗಿ ಬಂದ ಎಂದಾದರೆ ಮೂರು ತಿಂಗಳ ಲೆಕ್ಕ ನಡೆಯುವುದಿಲ್ಲ. ಹೆರಿಗೆಯಾಗುವ ತನಕ ಕಾಂಡೋಮ್, ಇಲ್ಲವೇ ಸಂಯಮ.

● 2016ರ ರಿಯೊ ಒಲಿಂಪಿಕ್ಸ್‌ಗೆ ಹೊರಟ ಬ್ರಿಟನ್ನಿನ ಲಾಂಗ್‌ಜಂಪ್ ಪಟು ಗ್ರೆಗ್ ರುದರ್‌ಫರ್ಡ್, ಝೀಕಾ ಭಯದಿಂದ ತಮ್ಮ ವೀರ್ಯವನ್ನು ಶೈತ್ಯಾಗಾರದಲ್ಲಿ ಇಡಿಸಿ ಹೋದರು. ಗಾಲ್ಫ್ ಆಟಗಾರ ಜೇಸನ್ ಡೇ ‘ಇನ್ನೂ ಮಕ್ಕಳು ಬೇಕು’ ಎಂಬ ಕಾರಣ ಕೊಟ್ಟು ಹೋಗಲೇ ಇಲ್ಲ. ಕೊನೆಗೆ ಆದದ್ದೇನು? ಕ್ರೀಡಾಪಟುಗಳಲ್ಲಿ ಆಗಲಿ, ಪ್ರೇಕ್ಷಕರಲ್ಲಿ ಆಗಲಿ ಕ್ರೀಡಾಕೂಟದಿಂದ ಝೀಕಾ ಬಂದ ಒಂದೇ ಒಂದು ಖಚಿತ ಪ್ರಕರಣ ವರದಿಯಾಗಲಿಲ್ಲ. ಆಗಸ್ಟ್ ಎಂದರೆ ರಿಯೊದಲ್ಲಿ ಚಳಿಗಾಲ, ಸೊಳ್ಳೆ ಕಡಿಮೆ. ಊರಿನಷ್ಟೇ ತಿಂಗಳೂ ಮುಖ್ಯ.

ನಮ್ಮ ನೆಲದ ದಾಖಲೆ

● ಭಾರತದಲ್ಲಿ ಪ್ರಯೋಗಾಲಯ ಖಚಿತಪಡಿಸಿದ ಮೊದಲ ಝೀಕಾ ಪ್ರಕರಣಗಳು ಅಹಮದಾಬಾದ್‌ನವು. 2017ರ ಮೇ ತಿಂಗಳಲ್ಲಿ ಇದು ಹೊರಜಗತ್ತಿಗೆ ಗೊತ್ತಾಯಿತು. ಆ ಮೂವರಲ್ಲಿ ಒಬ್ಬಾಕೆ ತುಂಬು ಗರ್ಭಿಣಿ.

● 2018ರಲ್ಲಿ ಜೈಪುರ, 2021ರ ಜುಲೈನಲ್ಲಿ ತಿರುವನಂತಪುರ, ಅದೇ ವರ್ಷ ಕಾನ್ಪುರ, 2024ರಲ್ಲಿ ಪುಣೆ. ಕೇರಳದಲ್ಲಿ ಮೊದಲು ಪತ್ತೆಯಾದದ್ದೂ ಗರ್ಭಿಣಿಯಲ್ಲಿ. ಪುಣೆಯಲ್ಲಿ ಗರ್ಭಿಣಿಯರಿಗೂ ಸೋಂಕು ಕಂಡಾಗ ಕೇಂದ್ರ ಆರೋಗ್ಯ ಇಲಾಖೆ 2024ರ ಜುಲೈ 3ರಂದು ಎಲ್ಲ ರಾಜ್ಯಗಳಿಗೂ ಸೂಚನೆ ಕಳಿಸಿತು: ಸೋಂಕಿತ ಗರ್ಭಿಣಿಯರ ಭ್ರೂಣದ ಬೆಳವಣಿಗೆಯ ಮೇಲೆ ನಿಗಾ ಇಡಿ.

● ಕರ್ನಾಟಕದ ಮೊದಲ ಪ್ರಕರಣ 2022ರ ಡಿಸೆಂಬರ್‌ನದು, ರಾಯಚೂರು ಜಿಲ್ಲೆಯ ಬಾಲಕಿಯಲ್ಲಿ. 2023ರಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ತಲಕಾಯಲಬೆಟ್ಟದಲ್ಲಿ ಹಿಡಿದ ಸೊಳ್ಳೆಗಳಲ್ಲೇ ವೈರಸ್ ಸಿಕ್ಕಿತು. ರೋಗಿ ಸಿಗುವ ಮೊದಲೇ ಸೊಳ್ಳೆ ಸಿಕ್ಕಿಬಿದ್ದ ಅಪರೂಪದ ಸಂದರ್ಭವದು. ಆರೋಗ್ಯ ಸಿಬ್ಬಂದಿ ಸುತ್ತಲಿನ ಹಳ್ಳಿಗಳಲ್ಲಿ ಮೊದಲು ಹುಡುಕಿದ್ದು ಗರ್ಭಿಣಿಯರನ್ನು ಮತ್ತು ಜ್ವರ ಬಂದವರನ್ನು.

● ಅಮೆರಿಕದಲ್ಲಿರುವ ಕನ್ನಡತಿ ಸೀಮಂತಕ್ಕೆ ಊರಿಗೆ ಬಂದು ಹೋದರೆ ಅಲ್ಲಿನ ಪ್ರಸೂತಿ ವೈದ್ಯರು ‘ಎಲ್ಲಿಗೆ ಹೋಗಿದ್ದಿರಿ, ಯಜಮಾನರು ಎಲ್ಲಿಗೆ ಹೋಗಿದ್ದರು’ ಎಂದು ಕೇಳುವುದು ಸುಮ್ಮನೆ ಕುತೂಹಲಕ್ಕಲ್ಲ. ನಮಗೆ ತವರು, ಅವರ ಪಟ್ಟಿಯಲ್ಲಿ ಝೀಕಾ ಇರುವ ದೇಶ. ದಿನಾಂಕ ಸಮೇತ ಹೇಳಿದರೆ ಸ್ಕ್ಯಾನಿಂಗ್ ಯಾವಾಗ, ಪರೀಕ್ಷೆ ಬೇಕೋ ಬೇಡವೋ ಎಂದು ಅವರು ತೀರ್ಮಾನಿಸುತ್ತಾರೆ.

● ಸಿಂಗಪುರ ಸ್ವಚ್ಛ, ಅಲ್ಲೇನು ಭಯ ಅನ್ನಬೇಡಿ. 2016ರ ಆಗಸ್ಟ್ ಕೊನೆಯಲ್ಲಿ ಅಲ್ಲಿ ಝೀಕಾ ಕಾಣಿಸಿಕೊಂಡಾಗ ಸೋಂಕಿತರಲ್ಲಿ 13 ಮಂದಿ ಭಾರತೀಯರಿದ್ದರು. ಅದೇ ತಿಂಗಳ ಮೊದಲ ದಿನ ಅಮೆರಿಕದ ಆರೋಗ್ಯ ಇಲಾಖೆ ತನ್ನದೇ ದೇಶದ ಮಯಾಮಿ ನಗರದ ಒಂದು ಬಡಾವಣೆಗೆ ಗರ್ಭಿಣಿಯರು ಹೋಗಬಾರದೆಂದು ಹೇಳಬೇಕಾಗಿ ಬಂತು.

ಝೀಕಾ ಒಂದೇ ಅಲ್ಲ

● ನಮ್ಮ ಊರುಗಳಲ್ಲಿ ಬಸುರಿಯರು ನಿಜವಾಗಿ ಹೆಚ್ಚು ಎದುರಿಸುವುದು ಡೆಂಗಿಯನ್ನು. ಅವಧಿಗೆ ಮುನ್ನ ಹೆರಿಗೆ, ಹೆರಿಗೆ ಹೊತ್ತಿನ ರಕ್ತಸ್ರಾವ, ಕಡಿಮೆ ತೂಕದ ಮಗು ಇದರ ಅಪಾಯಗಳು. ಹೆರಿಗೆಗೆ ಹತ್ತಿರದ ದಿನಗಳಲ್ಲಿ ತಾಯಿಗೆ ಡೆಂಗಿ ಬಂದರೆ ಮಗುವಿಗೂ ದಾಟಬಹುದು.

● ಡೆಂಗಿಯಲ್ಲಿ ಜ್ವರ ಇಳಿದ ದಿನವೇ ಎಚ್ಚರದ ದಿನ. ಜ್ವರ ಬಿಟ್ಟ ನಂತರದ 24ರಿಂದ 48 ಗಂಟೆಗಳಲ್ಲೇ ರಕ್ತನಾಳಗಳಿಂದ ದ್ರವ ಸೋರಿ ಸ್ಥಿತಿ ಕೈಮೀರಬಹುದು. ಬಸುರಿಯರ ರಕ್ತ ಸಹಜವಾಗಿಯೇ ತೆಳುವಾಗಿರುವುದರಿಂದ ರಕ್ತ ಪರೀಕ್ಷೆಯಲ್ಲಿ ಈ ಸೋರಿಕೆ ಬೇಗ ಕಣ್ಣಿಗೆ ಬೀಳದೆ ಹೋಗಬಹುದು. ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ತೀರಾ ಸುಸ್ತು ಇದ್ದರೆ ಆಸ್ಪತ್ರೆಗೇ ಹೋಗಬೇಕು.

● ಪ್ರವಾಸದ ಔಷಧಿ ಡಬ್ಬಿಯಲ್ಲಿ ಜ್ವರಕ್ಕೆ ಪ್ಯಾರಾಸಿಟಮಾಲ್ ಇರಲಿ. ಐಬುಪ್ರೊಫೆನ್ ಬೇಡ. ಅದು ಡೆಂಗಿಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತದೆ, ತುಂಬು ಬಸುರಿಗೆ ಬೇರೆ ಕಾರಣಕ್ಕೂ ವರ್ಜ್ಯ. ವೈದ್ಯರು ಬಸುರಿಗೆಂದೇ ದಿನಾ ಸಣ್ಣ ಪ್ರಮಾಣದ ಆಸ್ಪಿರಿನ್ ಬರೆದುಕೊಟ್ಟಿದ್ದರೆ ಜ್ವರ ಬಂದ ಕೂಡಲೇ ಅವರಿಗೆ ಫೋನ್ ಮಾಡಿ ಕೇಳಿ.

● ಡೆಂಗಿ ನಾಲ್ಕು ಬಗೆ. ಒಂದು ಬಗೆ ಬಂದು ಹೋದವರಿಗೆ ಮುಂದೊಮ್ಮೆ ಇನ್ನೊಂದು ಬಗೆ ತಗುಲಿದರೆ ರೋಗ ಉಲ್ಬಣಿಸುವ ಸಂಭವ ಜಾಸ್ತಿ. ‘ಒಮ್ಮೆ ಬಂದಿದೆ, ಇನ್ನು ಬರಲ್ಲ’ ಎಂಬುದು ಪೂರ್ತಿ ತಿರುಗುಮುರುಗಾದ ನಂಬಿಕೆ.

● 2006ರಲ್ಲಿ ಚಿಕೂನ್‌ಗುನ್ಯ ಬಂದು ಇಡೀ ಊರುಗಳು ಕುಂಟಿದ್ದು ನಮ್ಮವರಿಗೆ ಮರೆತಿಲ್ಲ. ಆ ವರ್ಷ ದೇಶದ ಸುಮಾರು 13.9 ಲಕ್ಷ ಶಂಕಿತ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕರ್ನಾಟಕದವು. ಅದೇ ಕಾಲಕ್ಕೆ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲೂ ರೋಗ ಹಬ್ಬಿ ವೈದ್ಯರಿಗೆ ಒಂದು ವಿಷಯ ಗೊತ್ತಾಯಿತು: ಹೆರಿಗೆಯ ಹೊತ್ತಿಗೆ ತಾಯಿಯ ರಕ್ತದಲ್ಲಿ ವೈರಸ್ ಇದ್ದರೆ ಹೆಚ್ಚುಕಡಿಮೆ ಅರ್ಧದಷ್ಟು ಶಿಶುಗಳಿಗೆ ಅಂಟುತ್ತದೆ. ಸಿಸೇರಿಯನ್ ಮಾಡಿದರೂ ತಪ್ಪುವುದಿಲ್ಲ. ಝೀಕಾಗೆ ಮೊದಲ ತಿಂಗಳುಗಳು ನಾಜೂಕಾದರೆ, ಚಿಕೂನ್‌ಗುನ್ಯಕ್ಕೆ ಕೊನೆಯ ದಿನಗಳು.

● ಕೀನ್ಯಾ ಸಫಾರಿಗೆ ಹೊರಟಿದ್ದೀರಾ? ಮರಳಿ ಭಾರತಕ್ಕೆ ಕಾಲಿಡಲು ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಬೇಕು. ಚುಚ್ಚಿಸಿಕೊಂಡ 10 ದಿನಗಳ ಮೇಲಷ್ಟೇ ಅದು ಊರ್ಜಿತ. ಇದು ಜೀವಂತ ವೈರಸ್ಸಿನ ಲಸಿಕೆ. ಬಸುರಿಯರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ, ಅನಿವಾರ್ಯವಾದರೆ ಮಾತ್ರ ತೂಗಿ ನೋಡುತ್ತಾರೆ. ಚುಚ್ಚಿಸಿಕೊಂಡ ಮೇಲೆ 4 ವಾರ ಗರ್ಭ ಧರಿಸದಿರುವುದು ಒಳಿತು. ವೈದ್ಯರು ವಿನಾಯಿತಿ ಪತ್ರ ಕೊಡಬಹುದಾದರೂ ಅದನ್ನು ಒಪ್ಪುವುದು ಬಿಡುವುದು ಇಳಿಯುವ ದೇಶದ ಅಧಿಕಾರಿಗಳಿಗೆ ಸೇರಿದ್ದು.

● ವಿದೇಶದಲ್ಲಿ ಸಿಗುವ ಕ್ಯುಡೆಂಗಾ ಎಂಬ ಡೆಂಗಿ ಲಸಿಕೆಯೂ ಜೀವಂತ ವೈರಸ್ಸಿನದೇ. ಬಸುರಿಯರಿಗೆ ನಿಷಿದ್ಧ. ಹಾಕಿಸಿಕೊಂಡವರು ಕನಿಷ್ಠ ಒಂದು ತಿಂಗಳು ಗರ್ಭ ಧರಿಸಬಾರದು.

● ಇತ್ತೀಚೆಗೆ ಪಟ್ಟಿಗೆ ಸೇರಿದ ಹೆಸರು ಒರೊಪೂಶ್. 1955ರಲ್ಲಿ ಟ್ರಿನಿಡಾಡ್‌ನಲ್ಲಿ ಮೊದಲು ಸಿಕ್ಕ ಈ ವೈರಸ್ 2024ರಲ್ಲಿ ಬ್ರೆಜಿಲ್‌ನಲ್ಲಿ ತಾಯಿಯಿಂದ ಭ್ರೂಣಕ್ಕೆ ದಾಟಿದ ವರದಿಗಳು ಬಂದವು. ಇದನ್ನು ಮುಖ್ಯವಾಗಿ ಹರಡುವುದು ಸೊಳ್ಳೆಗಿಂತ ಚಿಕ್ಕದಾದ ನುಸಿ. ಸಾಮಾನ್ಯ ಸೊಳ್ಳೆ ಪರದೆಯ ಕಣ್ಣುಗಳಲ್ಲಿ ಅದು ಸಲೀಸಾಗಿ ತೂರುತ್ತದೆ.

● ಮಲೆನಾಡಿನವರ ಗಮನಕ್ಕೆ: ಮಂಗನ ಕಾಯಿಲೆ ಸೊಳ್ಳೆಯಿಂದ ಬರುವುದಲ್ಲ, ಉಣ್ಣೆಯಿಂದ. ಅದಕ್ಕೆ ಎಚ್ಚರಿಕೆಯೂ ಬೇರೆ.

ಸೊಳ್ಳೆಯ ಗುಣ

● ಝೀಕಾ, ಡೆಂಗಿ, ಚಿಕೂನ್‌ಗುನ್ಯ ಮೂರನ್ನೂ ಹೊರುವುದು ಮುಖ್ಯವಾಗಿ ಒಂದೇ ಸೊಳ್ಳೆ, ಈಡಿಸ್ ಈಜಿಪ್ಟಿ. ಕಪ್ಪು ಮೈ, ಕಾಲಿಗೆ ಬಿಳಿ ಪಟ್ಟೆ. ಬೆಳಗಿನ ಹೊತ್ತು ಮತ್ತು ಸಂಜೆ ಹೊತ್ತು ಮುಳುಗುವ ಮುಂಚಿನ ಗಂಟೆಗಳಲ್ಲಿ ಅದರ ಕಾಟ ಹೆಚ್ಚು. ದೀಪ ಉರಿಯುವ ಕೋಣೆಯಲ್ಲಿ ರಾತ್ರಿಯೂ ಕಚ್ಚಬಲ್ಲದು. ರಾತ್ರಿ ಮಾತ್ರ ಪರದೆ ಕಟ್ಟಿ ಮಲಗುವವರು ಮಧ್ಯಾಹ್ನದ ನಿದ್ದೆಗೂ ಕಟ್ಟಿಕೊಳ್ಳಬೇಕು.

● ಕಚ್ಚುವುದು ಹೆಣ್ಣು ಸೊಳ್ಳೆ ಮಾತ್ರ. ಅದೂ ಒಬ್ಬರಲ್ಲೇ ಹೊಟ್ಟೆ ತುಂಬಿಸಿಕೊಳ್ಳದೆ, ಕೊಡವಿದರೆ ಎದ್ದು ಪಕ್ಕದವರ ಮೇಲೆ ಕೂರುತ್ತದೆ. ಒಂದೇ ಮನೆಯಲ್ಲಿ ಮೂರ್ನಾಲ್ಕು ಜನ ಒಟ್ಟಿಗೆ ಜ್ವರ ಹಿಡಿದು ಮಲಗುವುದರ ಹಿಂದೆ ಹೆಚ್ಚಾಗಿ ಈ ಚಾಳಿಯಿದೆ.

● ಬಸುರಿಯರಿಗೆ ಸೊಳ್ಳೆ ಹೆಚ್ಚು ಕಚ್ಚುತ್ತದೆ ಎಂಬ ಮಾತು ಬರೀ ಭ್ರಮೆಯಲ್ಲ. ಗ್ಯಾಂಬಿಯಾ ದೇಶದಲ್ಲಿ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗರ್ಭಿಣಿಯರತ್ತ ಬಂದ ಮಲೇರಿಯಾ ಸೊಳ್ಳೆಗಳ ಸಂಖ್ಯೆ ಉಳಿದ ಹೆಂಗಸರಿಗಿಂತ ಎರಡು ಪಟ್ಟು. ಅವರು ಹೊರಬಿಡುವ ಉಸಿರಿನ ಪ್ರಮಾಣ 21 ಶೇಕಡಾ ಹೆಚ್ಚು, ಹೊಟ್ಟೆಯ ಚರ್ಮದ ಬಿಸಿ 0.7 ಡಿಗ್ರಿ ಸೆಲ್ಸಿಯಸ್ ಹೆಚ್ಚು. ಉಸಿರು ಮತ್ತು ಬಿಸಿ, ಎರಡೂ ಸೊಳ್ಳೆಗೆ ಕರೆಯೋಲೆ.

● ಈಡಿಸ್ ಮೊಟ್ಟೆ ನೀರಿಲ್ಲದೆ ತಿಂಗಳುಗಟ್ಟಲೆ ಒಣಗಿ ಕೂತಿರಬಲ್ಲದು. ಕರಾವಳಿ, ಮಲೆನಾಡಿನ ತೋಟದಲ್ಲಿ ಬಿದ್ದ ಅಡಿಕೆ ಹಾಳೆಯನ್ನೇ ನೋಡಿ. ಬೇಸಿಗೆಯಲ್ಲಿ ಒಣಗಿ ಸುರುಟಿದ್ದು, ಮೊದಲ ಮಳೆಗೆ ಅಂಗೈಯಷ್ಟು ನೀರು ತುಂಬಿಕೊಳ್ಳುತ್ತದೆ. ಅಂಚಿಗೆ ಅಂಟಿದ್ದ ಮೊಟ್ಟೆ ಒಡೆದು, ಬಾಲ ಕುಣಿಸುವ ಹುಳುಗಳಾಗಿ, ವಾರ ಹತ್ತು ದಿನಕ್ಕೆ ರೆಕ್ಕೆ ಬಂದು ಹಾರುತ್ತವೆ. ರಬ್ಬರ್ ಹಾಲಿನ ಚಿಪ್ಪು, ಫ್ರಿಜ್ಜಿನ ಹಿಂದಿನ ತಟ್ಟೆ, ಹಳೇ ಟೈರು, ಎಳನೀರಿನ ಬುರುಡೆಗಳಲ್ಲೂ ನಡೆಯುವುದು ಇದೇ. ಮಗಳು ಹೆರಿಗೆಗೆ ಬರುವ ವಾರ ತವರಿನವರು ಮನೆಗೆ ಸುಣ್ಣ ಬಳಿಸುವುದಕ್ಕಿಂತ ಮೊದಲು ಇವನ್ನು ಕವುಚಿ ಹಾಕಬೇಕು.

● 2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿತು. ಸೊಳ್ಳೆ ಬೆಳೆಯಲು ಬಿಡುವ ಮನೆಗೆ ನಗರದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200 ರೂಪಾಯಿ ದಂಡ.

● ಎತ್ತರದ ಜಾಗದಲ್ಲಿ ಈಡಿಸ್ ವಿರಳ. ಝೀಕಾ ಕಾಲದಲ್ಲಿ ಅಮೆರಿಕದ ತಜ್ಞರು ಇಟ್ಟುಕೊಂಡ ಗೆರೆ 2,000 ಮೀಟರ್. ಊಟಿ ಈ ಗೆರೆಯ ಮೇಲಿದೆ. ಕರ್ನಾಟಕದಲ್ಲಿ ಅಂಥ ಜಾಗವೇ ಇಲ್ಲ, ಅತಿ ಎತ್ತರದ ಮುಳ್ಳಯ್ಯನಗಿರಿಯೂ ಸುಮಾರು 1,930 ಮೀಟರ್. ಕೊಡಗು, ಚಿಕ್ಕಮಗಳೂರಿನ ತಂಪನ್ನು ನಂಬಿ ಮೈಮರೆಯಬೇಡಿ. ಊಟಿಗೆ ಹೋಗುವವರೂ ಕೆಳಗಿನ ಮೈಸೂರನ್ನೋ ಮೆಟ್ಟುಪಾಳ್ಯವನ್ನೋ ದಾಟಿಯೇ ಹತ್ತಬೇಕಲ್ಲ.

ಕಚ್ಚಿಸಿಕೊಳ್ಳದಿರುವುದು ಹೇಗೆ?

● ಡೀಟ್, ಪಿಕಾರಿಡಿನ್, ಐಆರ್3535. ಸೊಳ್ಳೆ ನಿವಾರಕದ ಟ್ಯೂಬಿನ ಹಿಂದೆ ಸಣ್ಣಕ್ಷರದಲ್ಲಿ ಈ ಹೆಸರುಗಳಿವೆಯೇ ಓದಿ. ಲೇಬಲ್‌ನಲ್ಲಿ ಹೇಳಿದಂತೆ ಬಳಸಿದರೆ ಬಸುರಿಯರಿಗೂ ಹಾಲೂಡಿಸುವವರಿಗೂ ಸುರಕ್ಷಿತ ಎಂಬುದು ತಜ್ಞರ ಅಭಿಮತ.

● ಬಿಸಿಲಿಗೆ ಸನ್‌ಸ್ಕ್ರೀನ್ ಹಚ್ಚುವವರು ಕ್ರಮ ನೆನಪಿಡಿ: ಮೊದಲು ಸನ್‌ಸ್ಕ್ರೀನ್, ಒಣಗಿದ ಮೇಲೆ ಸೊಳ್ಳೆ ಕ್ರೀಮ್. ಬಟ್ಟೆ ಮುಚ್ಚಿದ ಚರ್ಮಕ್ಕೆ ಹಚ್ಚಬೇಡಿ. ಬೆವರಿದರೆ, ಈಜಿ ಬಂದರೆ ಮತ್ತೆ ಹಚ್ಚಬೇಕು.

● ಸಿಟ್ರೊನೆಲ್ಲಾ ಎಣ್ಣೆಯ ವಾಸನೆ ಹಿತ, ಆದರೆ ಬೇಗ ಆವಿಯಾಗುತ್ತದೆ. ಸೊಳ್ಳೆ ಓಡಿಸುವ ಶಬ್ದ ಹೊರಡಿಸುತ್ತೇವೆ ಎನ್ನುವ ಯಂತ್ರಗಳು ಪರೀಕ್ಷೆಗಳಲ್ಲಿ ಗೆದ್ದಿಲ್ಲ. ಬೆಳ್ಳುಳ್ಳಿ ತಿಂದರೆ ಸೊಳ್ಳೆ ಬರುವುದಿಲ್ಲ ಎಂಬುದಕ್ಕೂ ಆಧಾರವಿಲ್ಲ.

● ಮುಚ್ಚಿದ ಕೋಣೆಯಲ್ಲಿ ಒಂದು ಸೊಳ್ಳೆ ಬತ್ತಿ ಪೂರ್ತಿ ಉರಿದರೆ ಹೊರಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳಿಗೆ ಸಮ ಎಂದು 2003ರ ಅಧ್ಯಯನ ಅಳೆದಿತ್ತು. ಬಸುರಿಯ ಕೋಣೆಗೆ ಪರದೆ, ಕಿಟಕಿಗೆ ಜಾಲರಿ ಮತ್ತು ಫ್ಯಾನ್ ಇದಕ್ಕಿಂತ ಎಷ್ಟೋ ಮೇಲು.

● ಹೋಟೆಲ್ ಬುಕ್ ಮಾಡುವಾಗ ‘ಸಮುದ್ರ ಕಾಣುತ್ತದೆಯೇ’ ಎಂದು ಕೇಳುವ ಜೊತೆಗೆ ‘ಕಿಟಕಿಗೆ ಜಾಲರಿ ಇದೆಯೇ, ಎಸಿ ಇದೆಯೇ’ ಎಂದೂ ಕೇಳಿ. ಬಯಲು ಸ್ನಾನದ ಮನೆ ಇರುವ ಬಾಲಿಯ ವಿಲ್ಲಾಗಳು ಫೋಟೊಗೆ ಚೆಂದ, ಸೊಳ್ಳೆಗೂ ಚೆಂದ.

ಬಂದ ಮೇಲೆ

● ಆರೋಗ್ಯವಾಗಿದ್ದರೂ ಊರಿಗೆ ಮರಳಿ 3 ವಾರ ಸೊಳ್ಳೆ ಕಚ್ಚದಂತೆ ನೋಡಿಕೊಳ್ಳಿ. ನಿಮ್ಮ ರಕ್ತ ಕುಡಿದ ಸೊಳ್ಳೆ ಪಕ್ಕದ ಮನೆಯ ಬಸುರಿಗೆ ಅದನ್ನು ದಾಟಿಸಬಾರದಲ್ಲ.

● ಪರೀಕ್ಷೆಗೆ ಸಮಯ ಬಲು ಮುಖ್ಯ. ರಕ್ತದಲ್ಲಿ ಝೀಕಾ ಸಿಗುವುದು ಸಾಮಾನ್ಯವಾಗಿ ಮೊದಲ ವಾರ, ಮೂತ್ರದಲ್ಲಿ ಎರಡು ವಾರದ ತನಕ. ಆಮೇಲೆ ಮಾಡುವ ಪ್ರತಿಕಾಯ ಪರೀಕ್ಷೆಯನ್ನು ಹಳೆಯ ಡೆಂಗಿ ಗೊಂದಲಕ್ಕೆ ಕೆಡವಬಹುದು.

● ‘ಇಬ್ಬರಿಗೂ ಟೆಸ್ಟ್ ಮಾಡಿಸಿ ನೆಗೆಟಿವ್ ಬಂದರೆ ಕಾಯಬೇಕಿಲ್ಲ ಅಲ್ಲವೇ?’ ಅಲ್ಲ. ಲಕ್ಷಣವಿಲ್ಲದವರ ರಕ್ತ ಪರೀಕ್ಷೆ ವೀರ್ಯದಲ್ಲಿ ಏನಿದೆ ಎಂದು ಹೇಳುವುದಿಲ್ಲ. ಕ್ಯಾಲೆಂಡರ್ ಹೇಳುವಷ್ಟು ಭರವಸೆಯನ್ನು ಈ ಪರೀಕ್ಷೆ ಕೊಡಲಾರದು.

● ಬಾಣಂತಿಗೆ ಝೀಕಾ ಇದ್ದರೂ ಎದೆಹಾಲು ನಿಲ್ಲಿಸಬೇಕಿಲ್ಲ. ಹಾಲಿನ ಲಾಭ ಅಪಾಯಕ್ಕಿಂತ ಬಹಳ ದೊಡ್ಡದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಟಿಕೆಟ್‌ಗೆ ಮುಂಚೆ ಐದು ಪ್ರಶ್ನೆ

● ಎಲ್ಲಿಗೆ? ಆ ದೇಶದಲ್ಲಿ ಈಗ ಯಾವ ವೈರಸ್ ಓಡಾಡುತ್ತಿದೆ, ಎಷ್ಟು ಎತ್ತರದ ಊರು?

● ಯಾವ ತಿಂಗಳು? ಮಳೆಗಾಲವೇ, ಮಳೆ ನಿಂತ ಕೂಡಲೇ ಬರುವ ಸೊಳ್ಳೆಗಾಲವೇ?

● ಎಷ್ಟನೇ ವಾರ? ಗರ್ಭ ಇನ್ನೂ ನಿಂತಿಲ್ಲವಾದರೆ, ಬಂದ ಮೇಲೆ ಎರಡು ಮೂರು ತಿಂಗಳು ಕಾಯುವಷ್ಟು ವ್ಯವಧಾನ ಇದೆಯೇ?

● ಯಾರು ಯಾರು? ಹೆಂಡತಿ ಮನೆಯಲ್ಲೇ ಇದ್ದು ಗಂಡ ಮಾತ್ರ ಹೋದರೂ ಅದು ಇಬ್ಬರ ಪ್ರಯಾಣವೇ. ವೈದ್ಯರ ಬಳಿಗೂ ಇಬ್ಬರೂ ಹೋಗಿ.

● ತಪ್ಪಿಸಬಹುದೇ? ಬೇಬಿಮೂನ್‌ಗೆ ಜಾಗ ಬದಲಿಸಬಹುದು. ಅಪ್ಪನ ಶಸ್ತ್ರಚಿಕಿತ್ಸೆಗೆ ಊರಿಗೆ ಬರುವುದನ್ನು ಬದಲಿಸಲಾಗದು. ಮೊದಲನೆಯದಕ್ಕೆ ಬೇರೆ ಊರು ಹುಡುಕಿ, ಎರಡನೆಯದಕ್ಕೆ ಉದ್ದ ತೋಳಿನ ಬಟ್ಟೆ, ಕ್ರೀಮು, ಪರದೆ ಕಟ್ಟಿಕೊಂಡು ಧೈರ್ಯವಾಗಿ ಹೊರಡಿ.

ಐದಕ್ಕೂ ಉತ್ತರ ಸಿಗುವ ಮೊದಲೇ ಬುಕ್ ಮಾಡಲೇಬೇಕಾದರೆ, ನಾಲ್ಕು ಕಾಸು ಹೆಚ್ಚಾದರೂ ರದ್ದು ಮಾಡಿದರೆ ಹಣ ವಾಪಸ್ ಬರುವ ಟಿಕೆಟ್ಟನ್ನೇ ತೆಗೆಯಿರಿ.